ಸ್ಪೀಡು ಕಂಪನಿಯದ್ದು, ಗೋಡೆ ನಮ್ಮದು!

ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ ನನ್ನ ಮಗಳು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಇಂಟರ್‌ವ್ಯೂ ಕೊಟ್ಟಳು. ಮೊದಲನೇ ಮಹಡಿಗೂ ಎರಡನೇ ಮಹಡಿಗೂ ನಡುವೆ ಮೆಟ್ಟಿಲು ತಿರುಗುತ್ತದಲ್ಲ, ಆ ಜಾಗದಲ್ಲಿ. ತೊಡೆಯ ಮೇಲೆ ಲ್ಯಾಪ್‌ಟಾಪು. ಬೆನ್ನ ಹಿಂದೆ ಸುಣ್ಣ ಉದುರಿದ ಗೋಡೆ. ಕೆಳಗಿನಿಂದ ನನ್ನ ಆಫ್‌ಸೆಟ್ ಮೆಷಿನ್ನಿನ ಧಡಧಡ ಸದ್ದು.

ಅವಳಿಗೆ ಕೋಣೆ ಇಲ್ಲವೇ? ಇದೆ ಸ್ವಾಮಿ! ಟೆರೇಸಿನ ಮೇಲೆ ಅವಳು ಓದಲಿ ಅಂತಲೇ ಸಾಲ ಮಾಡಿ ಕಟ್ಟಿಸಿದ ಕೋಣೆ. ಮೇಜು, ಕುರ್ಚಿ, ಫ್ಯಾನು, ಬಾಗಿಲಿಗೆ ಚಿಲಕ, ಕಿಟಕಿಯಾಚೆ ಪಕ್ಕದ ಮನೆಯ ತೆಂಗಿನಮರ. ಎಲ್ಲ ಇದೆ. ವೈಫೈ ಒಂದಿಲ್ಲ. ಫೋನು ಹಿಡಿದು ಇಡೀ ಮನೆ ಸುತ್ತಿ ನೋಡಿದವಳಿಗೆ ಸಿಗ್ನಲ್ಲೂ ಇದ್ದು, ಗಲಾಟೆಯೂ ಸ್ವಲ್ಪ ಕಡಿಮೆ ಇದ್ದ ಜಾಗ ಅಂತ ಸಿಕ್ಕಿದ್ದು ಆ ಮೆಟ್ಟಿಲು ಮಾತ್ರ.

ಮೂರು ಸಲ ಕಾಲ್ ಕಟ್ಟಾಯಿತು. ಮೂರನೇ ಸಲ ಕಟ್ಟಾದ ಮೇಲೆ ಆ ಕಡೆಯವರು ಮತ್ತೆ ಸೇರಿಸಿಕೊಳ್ಳಲಿಲ್ಲ. ಆ ಕೆಲಸ ಹೋಯಿತು. ಲ್ಯಾಪ್‌ಟಾಪು ಮುಚ್ಚಿಕೊಂಡು ಕೆಳಗೆ ಬಂದು ನನ್ನ ಮುಂದೆ ನಿಂತು ಒಂದೇ ಮಾತು ಕೇಳಿದಳು: "ಅಪ್ಪಾ, ತಿಂಗಳು ತಿಂಗಳು ಅಷ್ಟು ದುಡ್ಡು ಕಟ್ತೀಯಲ್ಲ, ಯಾರಿಗೋಸ್ಕರ?"

ನಾನು ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಅಚ್ಚುಮೊಳೆ ಜೋಡಿಸುವುದರಿಂದ ಹಿಡಿದು ಇವತ್ತಿನ ಕಂಪ್ಯೂಟರ್ ಪ್ಲೇಟಿನವರೆಗೆ ಎಲ್ಲ ಕಂಡವನು. ಮಗಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ನೀವೂ ನಿಮ್ಮ ಅಪ್ಪ, ಅಣ್ಣ, ಚಿಕ್ಕಪ್ಪಂದಿರ ಜತೆ ಮೂರು ಮಹಡಿಯ ಮನೆಯಲ್ಲಿ ಇರುವವರಾದರೆ ಕೇಳಿಸಿಕೊಳ್ಳಿ.

ನಮ್ಮ ಮನೆಯ ಪುರಾಣ

ನಮ್ಮದು ಚಾಮರಾಜಪೇಟೆಯಲ್ಲಿ ಮೂವತ್ತು-ನಲವತ್ತರ ಸೈಟು. ಕೆಳಗಡೆ ಮುಂದೆ ಪ್ರೆಸ್ಸು, ಹಿಂದೆ ಅಮ್ಮನ ಕೋಣೆ ಮತ್ತು ಅಡುಗೆಮನೆ. ಅದು ತಾತನ ಕಾಲದ್ದು, ಸೈಜುಗಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಮೊದಲನೇ ಮಹಡಿ ಅಣ್ಣನದು, ಇಟ್ಟಿಗೆಯದು. ಎರಡನೇ ಮಹಡಿ ನನ್ನದು, ಕಾಂಕ್ರೀಟ್ ಬ್ಲಾಕಿನದು. ಅದರ ಮೇಲೆ ಮಗಳ ಕೋಣೆ. ಒಂದೇ ಮನೆಯಲ್ಲಿ ಮೂರು ತಲೆಮಾರಿನ ಗೋಡೆ! ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇಂಥ ಮನೆಗಳು ಬೀದಿಗೆ ಹತ್ತು ಸಿಗುತ್ತವೆ.

ಇಂಟರ್‌ನೆಟ್ಟು ಹಾಕಿಸಿದವನು ನಾನು. ಪ್ರೆಸ್ಸಿಗೆ ಫೈಲು ಬರಬೇಕಲ್ಲ. ಕಂಬದಿಂದ ಬಂದ ಫೈಬರ್ ದಾರ ಪ್ರೆಸ್ಸಿನ ಕಿಟಕಿಯಲ್ಲಿ ಒಳಗೆ ಬಂತು. ಡಬ್ಬ ನನ್ನ ಮೇಜಿನ ಪಕ್ಕದ ಕಬ್ಬಿಣದ ಬೀರು ಮೇಲೆ ಕೂತಿತು. ಹಾಕಲು ಬಂದ ಹುಡುಗ ಕೇಳಿದ್ದು, "ಎಲ್ಲಿಡಲಿ ಸಾರ್?" ನಾನು ಹೇಳಿದ್ದು, "ಇಲ್ಲೇ ಇಡಪ್ಪ, ನನ್ನ ಕಣ್ಣೆದುರು." ಇಡೀ ಮನೆಯ ಹಣೆಬರಹ ಆ ಅರ್ಧ ನಿಮಿಷದಲ್ಲಿ ತೀರ್ಮಾನವಾಗಿ ಹೋಯಿತು.

ಬಿಲ್ಲು ಮಾತ್ರ ಅರ್ಧ ಅಣ್ಣನದು, ಅರ್ಧ ನನ್ನದು. ಆರು ತಿಂಗಳಲ್ಲಿ ಅತ್ತಿಗೆ ಶುರು ಮಾಡಿದರು: "ನಮಗೆ ಬರೋದು ಬಾಲ್ಕನಿಯಲ್ಲಿ ನಿಂತರೆ ಮಾತ್ರ. ಅರ್ಧ ದುಡ್ಡು ಯಾಕೆ ಕೊಡಬೇಕು?" ತಪ್ಪೇನಿದೆ ಅವರ ಮಾತಿನಲ್ಲಿ? ಆಸ್ತಿ ಪಾಲಿನಲ್ಲಿ ಜಗಳವಾಡದ ಅಣ್ಣ-ತಮ್ಮ ನಾವು ವೈಫೈ ಪಾಲಿನಲ್ಲಿ ಮಾತು ಬಿಟ್ಟೆವು!

ನಾನು ಮಾಡಿದ್ದೇನು? ಎಲ್ಲ ಗಂಡಸರೂ ಮಾಡುವುದನ್ನೇ. ಕಂಪನಿಗೆ ಫೋನು ಮಾಡಿ ಬೈದೆ. 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸಿದೆ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ಆರು ಕೊಂಬಿನ ರೂಟರ್ ತಂದೆ, ನೋಡಿದರೆ ಜೇಡರ ಹುಳ ಅಂಗಾತ ಬಿದ್ದ ಹಾಗಿತ್ತು. ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ಒಂದು ತಂದೆ. ನನ್ನ ಮೇಜಿನಲ್ಲಿ ಇಂಟರ್‌ನೆಟ್ಟು ಕುದುರೆಯ ಹಾಗೆ ಓಡಿತು. ಮಗಳ ಕೋಣೆಯಲ್ಲಿ ಅದೇ ಚಕ್ರ, ಅದೇ ತಿರುಗಾಟ.

ನಾಚಿಕೆಯ ವಿಷಯ ಏನು ಗೊತ್ತೇ? ನಾನು ಪ್ರಿಂಟರು. ಕಾಗದದ ಬಲಗಡೆ ಅಂಚಿಗೆ ಮಸಿ ಹತ್ತದೇ ಇದ್ದರೆ ಡಕ್ಟಿಗೆ ಇನ್ನಷ್ಟು ಮಸಿ ಸುರಿಯುತ್ತೇವೆಯೇ? ಸುರಿದರೆ ಎಡಗಡೆ ಕಪ್ಪಗೆ ಬಳಿದುಕೊಳ್ಳುತ್ತದೆ, ಬಲಗಡೆ ಬಿಳಿಚಿಕೊಂಡೇ ಇರುತ್ತದೆ. ಬಲಗಡೆಯ ಕೀ ತಿರುಗಿಸಿ ಅಲ್ಲಿಗೆ ಮಸಿ ಹೋಗುವಂತೆ ಮಾಡಬೇಕು. ಇದು ಪ್ರೆಸ್ಸಿನಲ್ಲಿ ಕಸ ಗುಡಿಸುವ ಹುಡುಗನಿಗೂ ಗೊತ್ತು. ಮನೆಯ ವಿಷಯಕ್ಕೆ ಬಂದಾಗ ನಾನು ಮಸಿ ಸುರಿಯುತ್ತಲೇ ಹೋದೆ.

ರಾಯಚೂರಿನ ಹುಡುಗ ಹೇಳಿದ ಸತ್ಯ

ಇಂಟರ್‌ವ್ಯೂ ಕೆಟ್ಟ ಮೂರನೇ ದಿನಕ್ಕೆ ಪರಿಚಯದ ಅಂಗಡಿಯವರು ಒಬ್ಬ ಹುಡುಗನನ್ನು ಕಳಿಸಿದರು. ಆಫೀಸುಗಳಿಗೆ ಕೇಬಲ್ ಎಳೆಯುವವನು, ರಾಯಚೂರಿನ ಕಡೆಯವನು. ಬಂದವನು ಮೊದಲು ಮಾಡಿದ ಕೆಲಸ ಇದು: ಡಬ್ಬದಿಂದ ಲ್ಯಾಪ್‌ಟಾಪಿಗೆ ನೇರವಾಗಿ ತಂತಿ ಸಿಕ್ಕಿಸಿ ಸ್ಪೀಡು ನೋಡಿದ. ಮುನ್ನೂರಕ್ಕೆ ಮುನ್ನೂರೂ ಬರುತ್ತಿತ್ತು. ಆಮೇಲೆ ಫೋನು ಹಿಡಿದು ಮಹಡಿ ಮಹಡಿ ಹತ್ತಿದ. ಇಳಿದು ಬಂದು ಹೇಳಿದ:

"ಅಣ್ಣಾರ, ನಿಮ್ಮ ಪ್ಲಾನಿನ್ಯಾಗ ಏನೂ ತಪ್ಪಿಲ್ರಿ. ತಪ್ಪು ನಿಮ್ಮ ಮನ್ಯಾಗ ಐತ್ರಿ."

ಇಷ್ಟು ದಿನ ನಾನು ಬೈದದ್ದು ಯಾರನ್ನು? ಕಂಪನಿ ಮನೆ ಬಾಗಿಲವರೆಗೆ ತಂದುಕೊಟ್ಟಿತ್ತು. ಬಾಗಿಲಿನಿಂದ ಒಳಗೆ ಹಂಚಬೇಕಾದವನು ನಾನು.

ಅವನು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ. ವೈಫೈ ಅಂದರೆ ರೇಡಿಯೋ ಅಲೆ. ನಮ್ಮ ಮನೆಗಳಲ್ಲಿ ಅದು ಮುಖ್ಯವಾಗಿ ಎರಡು ಪಟ್ಟಿಯಲ್ಲಿ ಓಡುತ್ತದೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ನಮ್ಮ ದೇಶದಲ್ಲಿ ಮೊದಲನೆಯದಕ್ಕೆ 2005ರಲ್ಲಿ, ಎರಡನೆಯದರ ದೊಡ್ಡ ಪಾಲಿಗೆ 2018ರಲ್ಲಿ ಲೈಸೆನ್ಸ್ ಬೇಡ ಅಂತ ಸರ್ಕಾರ ನಿಯಮ ಮಾಡಿತು. ಲೈಸೆನ್ಸ್ ಬೇಡ ಅಂದರೆ ಎಷ್ಟು ಬೇಕಾದರೂ ಕೂಗು ಅಂತಲ್ಲ. ಶಕ್ತಿಗೆ ಮಿತಿ ಇದೆ. ಹಾಗಾಗಿ ಅಂಗಡಿಯವನು "ಇದು ಭಾರೀ ಪವರ್ ಸಾರ್, ನಾಲ್ಕು ಮಹಡಿ ಹೊಡೆಯುತ್ತೆ" ಅಂದರೆ ನಂಬಬೇಡಿ. ಇನ್ನೂ ಒಂದು ಮಾತು. ರೂಟರ್ ಎಷ್ಟೇ ಕೂಗಲಿ, ನಿಮ್ಮ ಕೈಯ ಫೋನು ತಿರುಗಿ ಉತ್ತರ ಕೊಡಬೇಕು. ಅದರ ದನಿ ಸಣ್ಣದು. ರೂಟರಿನ ಕೂಗು ಫೋನಿಗೆ ಕೇಳಿದರೂ ಫೋನಿನ ಪಿಸುಮಾತು ಮೂರು ತಾರಸಿ ಇಳಿದು ರೂಟರಿಗೆ ಮುಟ್ಟದು. ತೆರೆಯ ಮೇಲೆ ಎರಡು ಗೆರೆ ಕಾಣಿಸಿದರೂ ಕೆಲಸ ಆಗದೇ ಇರುವುದು ಎಷ್ಟೋ ಸಲ ಇದಕ್ಕೇ.

2.4ರ ಅಲೆ ಗೋಡೆಯನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ, ಆದರೆ ನಿಧಾನ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6 ಮತ್ತು 11. ನಮ್ಮ ಬೀದಿಯಂಥ ಕಡೆ ಇಪ್ಪತ್ತು ಮನೆಗಳ ರೂಟರ್ ಆ ಮೂರು ಓಣಿಯಲ್ಲೇ ನುಗ್ಗಾಡುತ್ತವೆ. ಮೈಕ್ರೋವೇವ್ ಓವನ್ ಹಚ್ಚಿದರೆ ಅದೂ ಅಲ್ಲೇ ಗಲಾಟೆ ಎಬ್ಬಿಸುತ್ತದೆ. 5ರ ಅಲೆ ವೇಗದ್ದು, ಓಣಿಗಳೂ ಹೆಚ್ಚು. ಆದರೆ ಗೋಡೆ ಕಂಡರೆ ಸುಸ್ತು. ನನ್ನ 300 ಎಂಬಿಪಿಎಸ್ ಓಡುತ್ತಿದ್ದದ್ದು ಈ 5ರಲ್ಲಿ, ಅದು ಪ್ರೆಸ್ಸಿನ ಕಲ್ಲುಗೋಡೆಗೆ ತಲೆ ಚಚ್ಚಿಕೊಂಡು ಅಲ್ಲೇ ಸಾಯುತ್ತಿತ್ತು.

ಇನ್ನು ತಾರಸಿ. ಮೋಲ್ಡ್ ಹಾಕುವಾಗ ಕಂಬಿಯನ್ನು ಬಲೆಯ ಹಾಗೆ ಕಟ್ಟುತ್ತಾರಲ್ಲ, ಅದೂ ಕಾಂಕ್ರೀಟೂ ಸೇರಿ ಅಲೆಯನ್ನು ನುಂಗುತ್ತವೆ. ನಮ್ಮ ಮನೆಯಲ್ಲಿ ಅಂಥ ತಾರಸಿ ಮೂರು. ಇದರ ಜತೆ ಕಬ್ಬಿಣದ ಬೀರು, ರೋಲಿಂಗ್ ಷಟರ್, ದೊಡ್ಡ ಕನ್ನಡಿ, ನೀರಿನ ಟ್ಯಾಂಕು, ನನ್ನ ಟನ್‌ಗಟ್ಟಲೆ ತೂಕದ ಆಫ್‌ಸೆಟ್ ಮೆಷಿನ್ನು. ನೆಟ್ಟಗೆ ನಿಲ್ಲಿಸಿದ ಕೊಂಬು ಅಕ್ಕಪಕ್ಕಕ್ಕೆ ಹೆಚ್ಚು ಬೀಸುತ್ತದೆ, ನೆತ್ತಿಯ ಮೇಲಕ್ಕೆ ಕಡಿಮೆ. ಹಾಗಾದರೆ ಮೆಟ್ಟಿಲಿಗೆ ಸಿಗ್ನಲ್ ಹೇಗೆ ಬರುತ್ತಿತ್ತು? ಮೆಟ್ಟಿಲ ಗೂಡಿಗೆ ತಾರಸಿ ಇಲ್ಲವಲ್ಲ! ಬಾವಿಯಿಂದ ಮೇಲೆ ಬಂದ ಹಾಗೆ ಆ ಖಾಲಿ ಜಾಗ ಹಿಡಿದು ಬರುತ್ತಿತ್ತು. ಅದನ್ನು ಕಂಡುಹಿಡಿದದ್ದು ನನ್ನ ಮಗಳು. ನನಗೆ ಅಷ್ಟೂ ತೋಚಿರಲಿಲ್ಲ.

ತಂತಿ ಎಳೆಯಿರಿ, ಇನ್ನೇನೂ ಇಲ್ಲ

ನನ್ನ ಅಭಿಪ್ರಾಯ ಒಂದೇ. ಹಲವು ಮಹಡಿಯ ಮನೆಯಲ್ಲಿ ತಾರಸಿ ದಾಟುವ ಕೆಲಸವನ್ನು ಗಾಳಿಗೆ ಬಿಡಬೇಡಿ, ತಂತಿಗೆ ಕೊಡಿ. ಮಹಡಿಗೊಂದು ತಂತಿ, ತಂತಿಯ ತುದಿಗೊಂದು ಎಕ್ಸೆಸ್ ಪಾಯಿಂಟು. ಗಾಳಿಯಲ್ಲಿ ಓಡಬೇಕಾದ್ದು ಆ ಮಹಡಿಯ ಒಳಗೆ ಹತ್ತು ಹದಿನೈದು ಅಡಿ ಮಾತ್ರ.

ರಿಪೀಟರ್ ಯಾಕೆ ಆಗುವುದಿಲ್ಲ? ಅದು ಕೇಳಿಸಿಕೊಂಡದ್ದನ್ನು ಮತ್ತೆ ಹೇಳುವ ಯಂತ್ರ. ಒಂದೇ ರೇಡಿಯೋದಲ್ಲಿ ಕೇಳುವುದು, ಹೇಳುವುದು ಎರಡೂ ಆಗಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೇಲಾಗಿ ನಾವು ಅದನ್ನು ಇಡುವುದು ಎಲ್ಲಿ? ಸಿಗ್ನಲ್ ಸತ್ತ ಕೋಣೆಯಲ್ಲಿ! ಸತ್ತ ಸಿಗ್ನಲ್ಲನ್ನು ಇನ್ನೊಮ್ಮೆ ಹೇಳಿದರೆ ಬದುಕುತ್ತದೆಯೇ? ಮೆಶ್ ಎಂದು ಈಗ ಮಾರುತ್ತಾರಲ್ಲ, ಅದು ಇದಕ್ಕಿಂತ ಬುದ್ಧಿವಂತ. ಆದರೆ ಅದರ ಡಬ್ಬಗಳೂ ತಮ್ಮತಮ್ಮೊಳಗೆ ಗಾಳಿಯಲ್ಲೇ ಮಾತಾಡಿದರೆ ನಮ್ಮ ಕಲ್ಲು, ಕಂಬಿ ಅಡ್ಡ ಬರುತ್ತವೆ. ಮೆಶ್ ಕೊಂಡರೂ ಅವುಗಳ ನಡುವೆ ತಂತಿ ಹಾಕಿ.

ಗೋಡೆ ಒಡೆಯಬೇಕಲ್ಲ ಅಂತ ನಾನು ಹೆದರಿದ್ದೆ. ಹುಡುಗ ನಕ್ಕ. ಟೆರೇಸಿನಿಂದ ಎಲ್ಲ ಮಹಡಿಗೂ ಹಳೇ ಕೇಬಲ್ ಟಿವಿಯ ಪೈಪು ಇಳಿದಿತ್ತು. ಅದರಲ್ಲಿದ್ದ ಕರಿ ತಂತಿ ಸತ್ತು ವರ್ಷಗಳಾಗಿದ್ದವು. ಅದರ ತುದಿಗೇ ಹೊಸ ಲ್ಯಾನ್ ಕೇಬಲ್ ಕಟ್ಟಿ ಎಳೆದ. ಹಳೆಯದು ಹೊರಗೆ ಬಂತು, ಹೊಸದು ಒಳಗೆ ಹೋಯಿತು. ಒಂದೇ ಒಂದು ಕಡೆ ಡ್ರಿಲ್ ಹೊಡೆದದ್ದು. ನಿಮ್ಮ ಮನೆಯಲ್ಲೂ ಅಂಥ ಪೈಪು ಇರಬಹುದು, ಹುಡುಕಿ. ಕರೆಂಟಿನ ತಂತಿ ಓಡುವ ಪೈಪಿನಲ್ಲಿ ಮಾತ್ರ ಇದನ್ನು ತುರುಕಬೇಡಿ.

ಕೇಬಲ್ ಕೊಳ್ಳುವಾಗ ಹುಷಾರು. ಕ್ಯಾಟ್ 6 ಕೇಳಿ. ಅದಕ್ಕಿಂತ ಮುಖ್ಯವಾಗಿ ಒಳಗಿನದು ಅಪ್ಪಟ ತಾಮ್ರವೇ ಎಂದು ಕೇಳಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಮಾಲು ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಒಂದು ತಂತಿ 100 ಮೀಟರ್ ಒಳಗೆ ಇರಬೇಕು, ಮನೆಗೆ ಅಷ್ಟು ಬೇಕಾಗುವುದೂ ಇಲ್ಲ. ಒಳಗೆ ಎಂಟು ಎಳೆ ಇರುತ್ತವೆ. ಎಂಟನ್ನೂ ಸಿಕ್ಕಿಸಬೇಕು. ಸೋಮಾರಿಗಳು ನಾಲ್ಕೇ ಸಿಕ್ಕಿಸಿ ಹೋಗುತ್ತಾರೆ. ಆಗ 100 ಎಂಬಿಪಿಎಸ್ ದಾಟುವುದಿಲ್ಲ, ನೀವು 300ರ ಬಿಲ್ಲು ಕಟ್ಟುತ್ತಲೇ ಇರುತ್ತೀರಿ.

ಎಳೆಗಳ ಬಣ್ಣದ ಕ್ರಮ ಮಗಳಿಗೆ ಈಗ ಬಾಯಿಪಾಠ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಆ ಹುಡುಗ ಒಂದು ತುದಿ ಮಾಡಿ ತೋರಿಸಿದ, ಉಳಿದ ಐದು ತುದಿ ಅವಳೇ ಕಟ್ಟಿದಳು. ಒಂದು ಹಾಳಾಯಿತು, ಕತ್ತರಿಸಿ ಮತ್ತೆ ಕಟ್ಟಿದಳು.

ಮಹಡಿಗೆ ಇಟ್ಟ ಡಬ್ಬಗಳನ್ನು ಎಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಬೇಕು. ಇಲ್ಲದಿದ್ದರೆ ಮನೆಯಲ್ಲಿ ಎರಡು ಯಜಮಾನರಾಗಿ ವಿಳಾಸ ಹಂಚುವುದರಲ್ಲಿ ಗೊಂದಲವಾಗುತ್ತದೆ. ಎಲ್ಲದಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡು ಕೊಡಿ. ಮೆಟ್ಟಿಲು ಹತ್ತಿದ ಹಾಗೆ ಫೋನು ತಾನಾಗಿ ಹತ್ತಿರದ್ದನ್ನು ಹಿಡಿಯುತ್ತದೆ. 2.4ರಲ್ಲಿ ಒಂದು ಮಹಡಿಗೆ 1, ಇನ್ನೊಂದಕ್ಕೆ 6, ಮತ್ತೊಂದಕ್ಕೆ 11 ಚಾನೆಲ್ ಕೊಡಿ. ಡಬ್ಬ ಮಹಡಿಯ ನಡುಭಾಗದಲ್ಲಿ, ಎತ್ತರದಲ್ಲಿ, ತೆರೆದ ಜಾಗದಲ್ಲಿ ಇರಲಿ. ಟಿವಿಯ ಹಿಂದೆ, ಬೀರುವಿನ ಒಳಗೆ ಬೇಡ. ಕರೆಂಟು ಹೋದರೆ ಎಲ್ಲವೂ ಹೋಗುತ್ತದೆ. ಕಂಪನಿಯ ಡಬ್ಬಕ್ಕೂ, ಸ್ವಿಚ್ಚಿಗೂ, ಮಹಡಿಯ ಡಬ್ಬಗಳಿಗೂ ಯುಪಿಎಸ್ ಆಸರೆ ಇರಲಿ.

ಎಲ್ಲ ಸೇರಿ ನನಗೆ ತಗಲಿದ್ದು 13 ಸಾವಿರ ಚಿಲ್ಲರೆ. ಮೂರು ಡಬ್ಬ, ಒಂದು ಸ್ವಿಚ್ಚು, ಕೇಬಲ್ಲು, ಕೂಲಿ. ಪ್ಲಾನನ್ನು ವಾಪಸ್ 100ಕ್ಕೆ ಇಳಿಸಿದೆ. ಒಂದು ಒಳ್ಳೆಯ ವಿಡಿಯೋ ಕಾಲಿಗೆ ನಾಲ್ಕೈದು ಎಂಬಿಪಿಎಸ್ ಸಾಕು. ನಾಲ್ಕು ಜನ ಒಟ್ಟಿಗೆ ಮಾತಾಡಿದರೂ ನೂರರಲ್ಲಿ ಜಾಗ ಉಳಿಯುತ್ತದೆ. ಅಂದರೆ ಇಷ್ಟು ದಿನ ನಾನು ಕಟ್ಟಿದ ಹೆಚ್ಚಿನ ದುಡ್ಡೆಲ್ಲ ನನ್ನ ಮೇಜಿನ ಸುತ್ತ ಸುರಿದ ಮಸಿ!

ಡಬ್ಬ ಎಲ್ಲಿದೆಯೋ ಅಲ್ಲೇ ಯಜಮಾನ

ಈಗ ಮಗಳ ಪ್ರಶ್ನೆಗೆ ಬರೋಣ. ಯಾರಿಗೋಸ್ಕರ?

ನನ್ನ ಸ್ನೇಹಿತರ ಮನೆಗಳಿಗೆ ಹೋದಾಗಲೆಲ್ಲ ಈಗ ಮೊದಲು ನೋಡುವುದು ಡಬ್ಬ ಎಲ್ಲಿದೆ ಅಂತ. ಒಂದೋ ಹಾಲಿನಲ್ಲಿ ಟಿವಿಯ ಹಿಂದೆ, ಇಲ್ಲವೇ ಮನೆಯ ಗಂಡಸು ಕೂರುವ ಕಡೆ. ಹಿಂದಿನ ಕೋಣೆಯಲ್ಲಿ ಮಲಗಿರುವ ಅಜ್ಜಿ, ಅಡುಗೆಮನೆಯಲ್ಲಿ ನಿಂತು ತವರಿಗೆ ವಿಡಿಯೋ ಕಾಲ್ ಮಾಡುವ ಸೊಸೆ, ಟೆರೇಸಿನ ಮೇಲೆ ಓದುವ ಹುಡುಗ-ಹುಡುಗಿ, ಇವರಿಗೆ ಮಿಕ್ಕದ್ದು. ಹಿಂದೆ ಊಟದಲ್ಲಿ ಹೀಗಿತ್ತು, ಗಂಡಸರ ಪಂಕ್ತಿ ಮೊದಲು. ಈಗ ಸಿಗ್ನಲ್ಲಿನಲ್ಲಿ ಅದೇ ಪಂಕ್ತಿಭೇದ! ಯಾರೂ ಬೇಕೆಂದು ಮಾಡಿದ್ದಲ್ಲ. "ಇಲ್ಲೇ ಇಡಪ್ಪ" ಅಂದ ಒಂದು ಮಾತಿನಿಂದ ಆದದ್ದು.

2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ ಹಳ್ಳಿಯ ಮಕ್ಕಳು ಸಿಗ್ನಲ್ ಹುಡುಕಿ ಮರ, ಗುಡ್ಡ ಹತ್ತಿದ್ದನ್ನು ಪತ್ರಿಕೆಗಳಲ್ಲಿ ನೋಡಿ ಅಯ್ಯೋ ಪಾಪ ಅಂದವರು ನಾವು. ನಮ್ಮ ಮನೆಯ ಮಗು ನಮ್ಮದೇ ಮೆಟ್ಟಿಲು ಹತ್ತಿ ಕೂತದ್ದು ನಮಗೆ ಕಾಣಲಿಲ್ಲ. ಹಳ್ಳಿಯ ಮಗುವಿಗೆ ಟವರ್ ಬೇಕು. ಅದು ಸರ್ಕಾರ, ಕಂಪನಿ ಮಾಡಬೇಕಾದ ಕೆಲಸ. ನಮ್ಮ ಮಗುವಿಗೆ ಬೇಕಿದ್ದದ್ದು ಹದಿನೈದು ಮೀಟರ್ ತಂತಿ. ಇದಕ್ಕೆ ಯಾರ ಮೇಲೆ ಧರಣಿ ಕೂರುವುದು?

ಇನ್ನೊಂದು ವಿಷಯ. ನಾನು ತಂದ ಡಬ್ಬಗಳಲ್ಲಿ ಒಂದರಲ್ಲೂ ಕನ್ನಡದ ಒಂದು ಸಾಲು ಇರಲಿಲ್ಲ. ಹಾಗಾಗಿ ಅಮ್ಮ, ಅತ್ತಿಗೆ ಅದನ್ನು ಮುಟ್ಟಲೂ ಹೆದರುತ್ತಿದ್ದರು. ರಾಯಚೂರಿನ ಹುಡುಗ ಕನ್ನಡದಲ್ಲಿ ಹೇಳಿದ್ದು ಎಲ್ಲರಿಗೂ ಅರ್ಥವಾಯಿತು. ವಿದ್ಯೆ ಕಷ್ಟದ್ದಾಗಿರಲಿಲ್ಲ, ಹೇಳುವವರು ಇರಲಿಲ್ಲ. ಮಗಳು ಒಂದು ಹಾಳೆ ಬರೆದಳು. ಯಾವ ದೀಪ ಕೆಂಪಾದರೆ ಏನು, ಯಾವ ಸ್ವಿಚ್ಚು ಆರಿಸಿ ಹಚ್ಚಬೇಕು, ಯಾವ ತಂತಿ ಯಾವ ಮಹಡಿಯದು. ಮಿಕ್ಕಿದ್ದ ಆರ್ಟ್ ಪೇಪರಿನಲ್ಲಿ ನಾನು ಅಚ್ಚು ಹಾಕಿ ಮಹಡಿಗೊಂದು ಅಂಟಿಸಿದೆ. ಹೋದ ವಾರ ನಾನು ಊರಲ್ಲಿಲ್ಲದಾಗ ಇಂಟರ್‌ನೆಟ್ಟು ನಿಂತಿತ್ತಂತೆ. ಎಪ್ಪತ್ತು ದಾಟಿದ ಅಮ್ಮ ಹಾಳೆ ಓದಿ ಸರಿ ಮಾಡಿದ್ದಾರೆ!

ಹುಡುಗರೇ, ನಿಮ್ಮ ಪಾಲಿನ ಕೆಲಸ

ನಿಮ್ಮ ಮನೆಯಲ್ಲಿ ಈ ಜಗಳ ನಡೆಯುತ್ತಿದ್ದರೆ ಅಪ್ಪನ ಹತ್ತಿರ ಹೊಸ ಪ್ಲಾನು ಕೇಳಬೇಡಿ. ಈ ಭಾನುವಾರ ಒಂದು ಹಾಳೆ ತೆಗೆದುಕೊಳ್ಳಿ. ಮೊದಲು ಡಬ್ಬಕ್ಕೆ ತಂತಿ ಸಿಕ್ಕಿಸಿ ಸ್ಪೀಡು ಬರೆದುಕೊಳ್ಳಿ. ಅಲ್ಲೇ ಕಡಿಮೆ ಬಂದರೆ ಕಂಪನಿಯವರನ್ನು ಧಾರಾಳವಾಗಿ ಬೈಯಿರಿ. ಸರಿಯಾಗಿ ಬಂದರೆ ಪ್ರತಿ ಕೋಣೆಯಲ್ಲಿ ನಿಂತು ಸಿಗ್ನಲ್ ಅಳೆಯಿರಿ. ಅದಕ್ಕೆ ಪುಕ್ಕಟೆ ಆಪುಗಳಿವೆ, ಮೈನಸ್ ಅಂಕಿ ತೋರಿಸುತ್ತವೆ. ಮೈನಸ್ 50ರ ಆಸುಪಾಸು ಉತ್ತಮ. ಮೈನಸ್ 67ರವರೆಗೆ ಕಾಲ್ ನಡೆಯುತ್ತದೆ. ಮೈನಸ್ 80 ಅಂದರೆ ಆ ಕೋಣೆ ಸತ್ತಿದೆ. ಅಜ್ಜಿಯ ಕೋಣೆ, ಅಡುಗೆಮನೆ ಬಿಡಬೇಡಿ. ಆ ಹಾಳೆಯನ್ನು ಮನೆಯವರೆಲ್ಲರ ಮುಂದೆ ಇಡಿ. ಬಾಯಿ ಜಗಳಕ್ಕಿಂತ ಅಂಕಿ ಜೋರು.

ಮನೆ ಕಟ್ಟಿಸುತ್ತಿದ್ದೀರಾ? ದೇವರ ಮೂಲೆ, ಅಗ್ನಿಮೂಲೆಗೆ ಅಷ್ಟು ತಲೆ ಕೆಡಿಸಿಕೊಳ್ಳುವ ಅಪ್ಪಂದಿರಿಗೆ ಇದೊಂದನ್ನು ಜ್ಞಾಪಿಸಿ. ಮೋಲ್ಡ್ ಹಾಕುವ ಮುಂಚೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಪ್ರತಿ ಮಹಡಿಯ ನಡುಭಾಗಕ್ಕೆ, ಪ್ರತಿ ಓದುವ ಕೋಣೆಗೆ ಒಂದಿಂಚಿನ ಖಾಲಿ ಪೈಪು ಹಾಕಿಸಿ, ಒಳಗೆ ಎಳೆಯಲು ಒಂದು ಬೈಂಡಿಂಗ್ ವೈರ್ ಬಿಡಿಸಿ. ಆಗ ಆಗುವ ಖರ್ಚು ಪುಡಿಗಾಸು. ಆಮೇಲೆ ಅದೇ ಕೆಲಸಕ್ಕೆ ಗೋಡೆ ಕೊರೆಯಬೇಕು. ಬಾಡಿಗೆ ಮನೆಯೇ? ಗೋಡೆಯ ಬುಡದಲ್ಲಿ ಕ್ಲಿಪ್ಪು ಹೊಡೆದು ತಂತಿ ಓಡಿಸಿ, ಬಿಡುವಾಗ ಸುತ್ತಿಕೊಂಡು ಹೋಗಿ.

ಅಣ್ಣ ಈಗ ಬಿಲ್ಲಿನ ಅರ್ಧ ತಾನಾಗಿ ತಂದುಕೊಡುತ್ತಾನೆ. ಅತ್ತಿಗೆ ಒಳಕೋಣೆಯಲ್ಲಿ ಕೂತೇ ಮಗನ ಜತೆ ಮಾತಾಡುತ್ತಾರೆ. ಮಗಳು ಮುಂದಿನ ಇಂಟರ್‌ವ್ಯೂ ಅನ್ನು ತನ್ನ ಕೋಣೆಯಲ್ಲಿ, ತನ್ನ ಮೇಜಿನ ಮುಂದೆ, ಬಾಗಿಲು ಹಾಕಿಕೊಂಡು ಕೊಟ್ಟಳು. ಕಾಲ್ ಒಂದು ಸಲವೂ ಕಟ್ಟಾಗಲಿಲ್ಲ. ಆ ಕೆಲಸವೂ ಸಿಗಲಿಲ್ಲ. ಆದರೆ ಈ ಸಲ ಅವಳು ಸೋತದ್ದು ಅವರ ಪ್ರಶ್ನೆಗಳಿಗೆ, ನನ್ನ ಗೋಡೆಗಲ್ಲ. ಅದಕ್ಕೆ ಓದಿಕೊಂಡು ಮತ್ತೆ ಹೋಗಬಹುದು. ಹೋಗುತ್ತಿದ್ದಾಳೆ.

ಆ ಹಳೇ ಆರು ಕೊಂಬಿನ ರೂಟರ್ ಪ್ರೆಸ್ಸಿನ ಬೀರು ಮೇಲೆ ಈಗಲೂ ಇದೆ. ತಂತಿ ಕಿತ್ತಿದ್ದೇನೆ. "ಪ್ಲಾನು ಏರಿಸಬೇಕು ಅಂತಿದೀನಿ ಸಾರ್" ಅಂತ ಬರುವ ಗಿರಾಕಿಗಳಿಗೆ ತೋರಿಸಲು ಇಟ್ಟುಕೊಂಡಿದ್ದೇನೆ.